ತೊಂಬತ್ತು ದಿನದ ಪಾಸ್‌ವರ್ಡ್, ಹತ್ತು ಸಾವಿರ ಹೆಜ್ಜೆ

ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ತೊಂಬತ್ತು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕಿತ್ತು. ಒಂದು ದೊಡ್ಡಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಬೇಕು. ಹಿಂದಿನ ಐದರಲ್ಲಿ ಯಾವುದೂ ಮರಳಿ ಬರಕೂಡದು. ಪಕ್ಕದ ಮೇಜಿನ ಗೆಳೆಯ ಇದಕ್ಕೊಂದು ಸಲೀಸಾದ ದಾರಿ ಹುಡುಕಿಕೊಂಡಿದ್ದ. ಸಂಕ್ರಾಂತಿ, ಯುಗಾದಿ, ಗಣೇಶ, ದೀಪಾವಳಿ: ಹಬ್ಬದ ಹೆಸರು, ಮುಂದೊಂದು ಚಿಹ್ನೆ, ಅದರ ಮುಂದೆ ಇಸವಿ. ಗೋಡೆ ಕ್ಯಾಲೆಂಡರ್ ನೋಡಬಲ್ಲ ಯಾರು ಬೇಕಾದರೂ ಅವನ ಕಂಪ್ಯೂಟರ್ ತೆರೆಯಬಹುದಿತ್ತು. ಕಚೇರಿಯ ನಿಯಮಗಳ ಪ್ರಕಾರ ಮಾತ್ರ ಅವನದು ಬಲು ಭದ್ರವಾದ ಪಾಸ್‌ವರ್ಡ್.

ಅದೇ ದಿನಗಳಲ್ಲಿ ನನ್ನ ಕೈಗೆ ಹೆಜ್ಜೆ ಎಣಿಸುವ ವಾಚು ಬಂತು. ರಾತ್ರಿ ಹತ್ತೂವರೆಗೆ 9,400 ಎಂದು ತೋರಿಸಿದರೆ ಉಳಿದ ಆರುನೂರನ್ನು ನಡುಮನೆಯಲ್ಲೇ ಸೋಫಾ ಸುತ್ತ ಸುತ್ತಿ ಮುಗಿಸುತ್ತಿದ್ದೆ. "ಗಾಣದೆತ್ತಿನ ಹಾಗೆ ಅದೇನೋ ಸುತ್ತೋದು, ಹೋಗಿ ಮಲಗಬಾರದಾ?" ಎಂದು ಅಮ್ಮ ಗೊಣಗುತ್ತಿದ್ದಳು. ಹತ್ತು ಸಾವಿರ ಆದಾಗ ವಾಚು ಗುರ್ ಎಂದು ನಡುಗಿ ಪರದೆಯ ಮೇಲೆ ಪಟಾಕಿ ಹಾರಿಸುತ್ತಿತ್ತು. ಆಮೇಲೆ ನಿದ್ದೆ.

ಎರಡು ಅಪ್ಪಣೆಗಳನ್ನೂ ವರ್ಷಗಟ್ಟಲೆ ಪಾಲಿಸಿದೆ. ಇವನ್ನು ಹೊರಡಿಸಿದವರು ಯಾರು, ಯಾವ ಆಧಾರದ ಮೇಲೆ ಎಂದು ಕೇಳಬೇಕೆನಿಸಿದ್ದು ತೀರಾ ತಡವಾಗಿ. ಕೇಳಲು ಶುರು ಮಾಡಿದ ಮೇಲೆ ಅದೇ ಒಂದು ಗೀಳಾಯಿತು. ತಂತ್ರಾಂಶ, ಆನ್‌ಲೈನ್ ಭದ್ರತೆ, ಮೈಯ ಆರೋಗ್ಯ ಈ ಮೂರರ ಬಗ್ಗೆಯೂ ನಮಗೆ ದಿನಾ ಬೀಳುವ ಬುದ್ಧಿಮಾತುಗಳ ಬೇರು ಹುಡುಕುತ್ತಾ ಹೋದರೆ ಒಂದಿಷ್ಟು ನಿಜ, ಒಂದಿಷ್ಟು ಊಹೆ, ಒಂದಿಷ್ಟು ಜಾಹೀರಾತು ಸಿಗುತ್ತವೆ.

ತೊಂಬತ್ತು ದಿನದ ನಿಯಮದ ಮೂಲ ಅಷ್ಟೇನೂ ಹಳೆಯದಲ್ಲ. ಅಮೆರಿಕದ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ, ಅಂದರೆ ನಿಸ್ಟ್‌ನಲ್ಲಿದ್ದ ಬಿಲ್ ಬರ್ ಎಂಬ ಅಧಿಕಾರಿ 2003ರ ಸುಮಾರಿಗೆ ಪಾಸ್‌ವರ್ಡ್‌ಗಳ ಬಗ್ಗೆ ಒಂದು ಮಾರ್ಗಸೂಚಿಯ ಅನುಬಂಧ ಬರೆದರು. ಚಿಹ್ನೆ ಬೆರೆಸಿ, ಅಂಕಿ ಸೇರಿಸಿ, ಆಗಾಗ ಬದಲಿಸಿ ಎಂಬ ಮಾತುಗಳು ಅಲ್ಲಿಂದ ಜಗತ್ತಿನ ಕಚೇರಿಗಳಿಗೆಲ್ಲ ಹರಡಿದವು. ಜನ ನಿಜವಾಗಿ ಎಂಥ ಪಾಸ್‌ವರ್ಡ್ ಇಡುತ್ತಾರೆ ಎಂಬ ಮಾಹಿತಿ ಬರ್ ಅವರ ಕೈಯಲ್ಲಿ ಆಗ ಇರಲಿಲ್ಲ; 1980ರ ದಶಕದ ಒಂದು ಹಳೆಯ ಬರಹವನ್ನೇ ಹೆಚ್ಚಾಗಿ ನೆಚ್ಚಿಕೊಂಡಿದ್ದರು. 2010ರಲ್ಲಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಅವಧಿ ಮುಗಿದ ಸಾವಿರಾರು ಖಾತೆಗಳ ಪಾಸ್‌ವರ್ಡ್ ಸರಣಿಗಳನ್ನು ಜಾಲಾಡಿದಾಗ ನನ್ನ ಗೆಳೆಯನ ಗುಟ್ಟು ಎಲ್ಲರ ಗುಟ್ಟೂ ಹೌದೆಂದು ಗೊತ್ತಾಯಿತು. ಹಿಂದಿನ ಪಾಸ್‌ವರ್ಡ್ ತಿಳಿದಿದ್ದರೆ ಶೇ. 17ರಷ್ಟು ಖಾತೆಗಳ ಹೊಸದನ್ನು ಐದು ಊಹೆಯೊಳಗೇ ಹಿಡಿಯಬಹುದಿತ್ತು. ಗೂಢಲಿಪಿಯಲ್ಲಿಟ್ಟ ಪಾಸ್‌ವರ್ಡ್ ಕಡತವೂ ಕೈಗೆ ಸಿಕ್ಕಿದ್ದರೆ ಶೇ. 41ರಷ್ಟನ್ನು ಖಾತೆಗೆ ಮೂರು ಸೆಕೆಂಡಿನಲ್ಲಿ ಒಡೆಯಬಹುದಿತ್ತು.

2017ರಲ್ಲಿ ನಿಸ್ಟ್ ತನ್ನ ಮಾತನ್ನು ತಾನೇ ತಿದ್ದಿಕೊಂಡಿತು: ಕಳುವಾದ ಸುಳಿವಿಲ್ಲದೆ ಪಾಸ್‌ವರ್ಡ್ ಬದಲಿಸಿ ಎಂದು ಒತ್ತಾಯಿಸಬೇಡಿ, ಚಿಹ್ನೆಗಳ ಕಸರತ್ತು ಬೇಡ, ಉದ್ದ ಇರಲಿ. ಅದೇ ವರ್ಷ ನಿವೃತ್ತ ಬರ್ ತಾವು ಬರೆದ ಬಹುಪಾಲಿಗೆ ಈಗ ವಿಷಾದವಿದೆ ಎಂದು ಪತ್ರಿಕೆಯೊಂದಕ್ಕೆ ಹೇಳಿಕೊಂಡರು. ತನ್ನ ತಪ್ಪನ್ನು ಹೀಗೆ ಬಾಯಿಬಿಟ್ಟು ಒಪ್ಪಿಕೊಂಡ ತಜ್ಞರ ಬಗ್ಗೆ ನನಗೆ ಗೌರವ ಹೆಚ್ಚು. ನಮ್ಮ ಎಷ್ಟೋ ಬ್ಯಾಂಕು, ಕಚೇರಿಗಳಲ್ಲಿ ಮಾತ್ರ ತೊಂಬತ್ತು ದಿನದ ಗಡಿಯಾರ ಇನ್ನೂ ಓಡುತ್ತಲೇ ಇದೆ. ನಿಯಮ ಮಾಡಿದವನು ಕೈಬಿಟ್ಟರೂ ನಿಯಮ ಕೈಬಿಡುವುದಿಲ್ಲ.

ಪಾಸ್‌ವರ್ಡ್ ಹುಟ್ಟಿದ್ದೂ ಕಳುವಾದದ್ದೂ ಹೆಚ್ಚುಕಡಿಮೆ ಒಟ್ಟಿಗೇ. 1960ರ ದಶಕದ ಆರಂಭದಲ್ಲಿ ಎಂಐಟಿಯಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆ ಕಟ್ಟಿದ ಫರ್ನಾಂಡೊ ಕಾರ್ಬಟೊ, ಒಬ್ಬರ ಕಡತ ಇನ್ನೊಬ್ಬರಿಗೆ ಕಾಣದಿರಲೆಂದು ಪಾಸ್‌ವರ್ಡ್ ತಂದರು. 1962ರಲ್ಲಿ ಅಲನ್ ಶೆರ್ ಎಂಬ ಸಂಶೋಧನಾ ವಿದ್ಯಾರ್ಥಿಗೆ ವಾರಕ್ಕೆ ಸಿಗುತ್ತಿದ್ದ ನಾಲ್ಕು ಗಂಟೆ ಕಂಪ್ಯೂಟರ್ ಸಮಯ ಸಾಲಲಿಲ್ಲ. ಪಾಸ್‌ವರ್ಡ್ ಕಡತವನ್ನು ಮುದ್ರಿಸಿ ಕೊಡಿ ಎಂದು ಒಂದು ಪಂಚ್ ಕಾರ್ಡ್ ಹಾಕಿದ; ಯಂತ್ರ ಮುದ್ರಿಸಿ ಕೊಟ್ಟಿತು. ಊಹೆಯೂ ಬೇಕಾಗಲಿಲ್ಲ, ಬೀಗ ಒಡೆಯುವುದೂ ಬೇಕಾಗಲಿಲ್ಲ. ಬೀಗದ ಕೈ ಗೊಂಚಲು ಇಟ್ಟಿದ್ದ ಪೆಟ್ಟಿಗೆಯೇ ತೆರೆದಿತ್ತು.

ಇಂದಿಗೂ ಮುಖ್ಯ ಅಪಾಯ ಅದೇ. ಎಲ್ಲೋ ಒಂದು ಕಡೆ ಗೊಂಚಲು ಸೋರುತ್ತದೆ. ಸೋರಿದ ಪಾಸ್‌ವರ್ಡನ್ನು ಕಳ್ಳರು ಉಳಿದೆಲ್ಲ ಬಾಗಿಲುಗಳಿಗೂ ಹಾಕಿ ತಿರುಗಿಸಿ ನೋಡುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಬೆಳಕಿಗೆ ಬಂದ ಟ್ವೆಂಟಿತ್ರೀ ಆಂಡ್ ಮಿ ಪ್ರಕರಣ ಇದರ ಅತಿ ಕೆಟ್ಟ ಉದಾಹರಣೆ. ಎಂಜಲು ಕಳಿಸಿದರೆ ವಂಶವಾಹಿ ಓದಿ, ನಿಮ್ಮ ಬೇರು ಎಲ್ಲಿಯದು, ಯಾವ ಕಾಯಿಲೆಯ ಸಾಧ್ಯತೆ ಎಷ್ಟು ಎಂದು ಹೇಳುತ್ತಿದ್ದ ಅಮೆರಿಕದ ಕಂಪನಿ ಅದು. ಬೇರೆ ಕಡೆ ಸೋರಿದ್ದ ಪಾಸ್‌ವರ್ಡ್ ಹಾಕಿ ಕಳ್ಳರು ಹೊಕ್ಕಿದ್ದು ಸುಮಾರು 14,000 ಖಾತೆಗಳಿಗೆ ಮಾತ್ರ. ಆದರೆ ಅಲ್ಲಿ ನೆಂಟರನ್ನು ಹುಡುಕಿಕೊಡುವ ಸೌಲಭ್ಯವಿತ್ತು. ಒಬ್ಬನ ಖಾತೆಯಿಂದ ಅವನ ದೂರದ ನೆಂಟರೆಲ್ಲ ಕಾಣುತ್ತಿದ್ದರು. ಹಾಗಾಗಿ ಮಾಹಿತಿ ಹೋದದ್ದು ಸುಮಾರು 69 ಲಕ್ಷ ಜನರದು. ಬಹುಪಾಲು ಜನರ ಪಾಸ್‌ವರ್ಡ್ ಕಳುವಾಗಿರಲೇ ಇಲ್ಲ. ಸಡಿಲವಾಗಿದ್ದದ್ದು ಕಂಡರಿಯದ ಯಾರೋ ದಾಯಾದಿಯದು. 2025ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಬ್ಯಾಂಕಿನ ಪಾಸ್‌ವರ್ಡ್ ಸೋರಿದರೆ ಸಂಜೆಯೊಳಗೆ ಬದಲಿಸಬಹುದು. ಅಜ್ಜನಿಂದ ಬಂದ ವಂಶವಾಹಿಯನ್ನು ಯಾವ ಸೆಟ್ಟಿಂಗ್‌ನಲ್ಲಿ ಬದಲಿಸುವುದು?

ನನ್ನ ಪದ್ಧತಿ ಹೇಳುತ್ತೇನೆ. ಪ್ರತಿ ತಾಣಕ್ಕೂ ಬೇರೆ ಬೇರೆ ಪಾಸ್‌ವರ್ಡ್, ಅವನ್ನೆಲ್ಲ ಕಾಯಲು ಒಂದು ಪಾಸ್‌ವರ್ಡ್ ಮ್ಯಾನೇಜರ್, ಅದಕ್ಕೆ ಐದು ಪದದ ಒಂದು ಬೀಗ. ಆ ಐದು ಪದಗಳನ್ನು ದಾಳ ಉರುಳಿಸಿ ಆರಿಸಬೇಕು. ಐದು ಸಲ ದಾಳ ಬಿದ್ದರೆ 7,776 ಸಾಧ್ಯತೆ, ಪಟ್ಟಿಯಲ್ಲಿ ಅಷ್ಟೇ ಪದ. ಪಟ್ಟಿ ಕನ್ನಡದ್ದಾದರೂ ಆದೀತು: ಒರಳು, ಬಿದಿರು, ಜೋಗಿ, ಹುಣಸೆ, ತೊಟ್ಟಿಲು. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದರಾಯಿತು. ದಾಳ ಮಾತ್ರ ಬೇಕೇ ಬೇಕು. ನಾವೇ ಆರಿಸಲು ಕೂತರೆ ಮತ್ತೆ ಯುಗಾದಿಯೇ ಬರುತ್ತದೆ. ಈಚೆಗೆ ಬಂದ ಪಾಸ್‌ಕೀ ಇನ್ನೂ ಒಂದು ಹೆಜ್ಜೆ ಮುಂದಿದೆ. ಗುಟ್ಟಿನ ಕೀಲಿಯನ್ನು ತಾಣಕ್ಕೆ ಒಪ್ಪಿಸುವ ಪ್ರಮೇಯವೇ ಇಲ್ಲ, ನಕಲಿ ತಾಣಕ್ಕೆ ಅದು ತೆರೆದುಕೊಳ್ಳುವುದೂ ಇಲ್ಲ. ಫೋನು ಕಳೆದರೆ ಏನು ಗತಿ ಎಂಬ ಪ್ರಶ್ನೆಗೆ ಮಾತ್ರ ಒಂದೊಂದು ಕಂಪನಿಯದು ಒಂದೊಂದು ಉತ್ತರ. ಆದ್ದರಿಂದ ವಯಸ್ಸಾದವರ ಫೋನಿನಲ್ಲಿ ಅದನ್ನು ಹಾಕಿಕೊಡಲು ನನಗಿನ್ನೂ ಧೈರ್ಯವಿಲ್ಲ.

ಇನ್ನು ಹತ್ತು ಸಾವಿರ ಹೆಜ್ಜೆ. ಇದು ವೈದ್ಯರು ಹೇಳಿದ್ದಲ್ಲ, ಅಂಗಡಿಯವರು ಹೇಳಿದ್ದು. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದು ಜಪಾನಿನಲ್ಲಿ ಮೈ ದಂಡಿಸುವ ಹುಮ್ಮಸ್ಸು ಹಬ್ಬಿದ್ದಾಗ, 1965ರಲ್ಲಿ ಯಾಮಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಒಂದು ಹೆಜ್ಜೆ ಎಣಿಕೆ ಯಂತ್ರ ಮಾರಿತು. ಅದರ ಹೆಸರು ಮಾಂಪೊಕೆ, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಕಿವಿಗೆ ಹಿತವಾಗಿ ಕೇಳುವ ದುಂಡನೆಯ ಸಂಖ್ಯೆ. ಅರ್ಧ ಶತಮಾನ ಕಳೆದು 2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವರ್ಷದ 16,741 ಹೆಂಗಸರ ಹೆಜ್ಜೆ ಎಣಿಸಿ, ಅವರನ್ನು ಕೆಲವು ವರ್ಷ ಗಮನಿಸಿದರು. ದಿನಕ್ಕೆ 2,700ರ ಆಸುಪಾಸಿನವರಿಗಿಂತ 4,400ರವರಲ್ಲೇ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆ ಇತ್ತು. 7,500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ನಡುಮನೆಯಲ್ಲಿ ನಾನು ಸುತ್ತಿದ ಆ ಆರುನೂರು ಹೆಜ್ಜೆ ಯಾರ ಪುಣ್ಯಕ್ಕೆ ಹೋಯಿತೋ.

ಇಂಥ ಅಧ್ಯಯನಗಳಲ್ಲಿ ಒಂದು ತೊಡಕು ಇದ್ದೇ ಇರುತ್ತದೆ. ನಡೆದಿದ್ದಕ್ಕೆ ಆರೋಗ್ಯವಾಗಿದ್ದರೋ, ಆರೋಗ್ಯವಾಗಿದ್ದುದರಿಂದ ನಡೆದರೋ? ಇದನ್ನು ನೆನೆದಾಗಲೆಲ್ಲ ನನಗೆ ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸು ಕಣ್ಣಿಗೆ ಬರುತ್ತದೆ. ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಸಾವಿರಾರು ಬಸ್ ನೌಕರರ ಲೆಕ್ಕ ತೆಗೆದು, ದಿನವಿಡೀ ಕೂತಿರುವ ಡ್ರೈವರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗೆ ಹೃದಯಾಘಾತ ಕಡಿಮೆ ಎಂದು ತೋರಿಸಿದರು. ಕೂತೇ ದುಡಿಯುವವರಿಗೆ ಸಿಕ್ಕ ಮೊದಲ ದೊಡ್ಡ ಎಚ್ಚರಿಕೆ ಅದು. ಮಾರಿಸ್ ಅಷ್ಟಕ್ಕೇ ನಿಲ್ಲಲಿಲ್ಲ. ಮೂರು ವರ್ಷ ಬಿಟ್ಟು, ನೌಕರರಿಗೆ ಕೊಟ್ಟ ಸಮವಸ್ತ್ರದ ಪ್ಯಾಂಟಿನ ಸೊಂಟದಳತೆ ತೆಗೆದು ನೋಡಿದರು. ಡ್ರೈವರುಗಳ ಸೊಂಟ ಎಳೆಯ ವಯಸ್ಸಿನಲ್ಲೇ ದಪ್ಪ! ಡ್ರೈವರ್ ಕೆಲಸಕ್ಕೆ ಬರುವವರೇ ಬೇರೆ ಮೈಕಟ್ಟಿನವರೋ ಏನೋ ಎಂಬ ಅನುಮಾನವನ್ನು ತಮ್ಮ ಹೆಸರಾಂತ ಫಲಿತಾಂಶದ ಮೇಲೆ ತಾವೇ ಎತ್ತಿದರು. ದರ್ಜಿಯ ಪುಸ್ತಕದಿಂದ ತನ್ನನ್ನೇ ಪರೀಕ್ಷಿಸಿಕೊಂಡ ಈ ವೈದ್ಯ ನನ್ನ ಮಟ್ಟಿಗೆ ಎಲ್ಲ ಫಿಟ್ನೆಸ್ ಆಪ್‌ಗಳಿಗಿಂತ ದೊಡ್ಡವನು.

ಹಾಗೆಂದು ವಾಚನ್ನು ತಿಪ್ಪೆಗೆಸೆಯಬೇಕಿಲ್ಲ. ಅದರ ಬೆನ್ನಲ್ಲಿ ಮಿನುಗುವ ಹಸಿರು ದೀಪ ಚರ್ಮದೊಳಗೆ ಇಳಿಯುತ್ತದೆ. ರಕ್ತ ಹಸಿರನ್ನು ಹೀರುತ್ತದೆ. ಪ್ರತಿ ಮಿಡಿತಕ್ಕೂ ಮರಳುವ ಬೆಳಕು ಏರಿಳಿಯುತ್ತದೆ. ಸುಮ್ಮನೆ ಕೂತವರ ನಾಡಿಯನ್ನು ಇಷ್ಟರಿಂದಲೇ ಚೆನ್ನಾಗಿ ಹಿಡಿಯಬಹುದು. ಆಪಲ್ ವಾಚಿನ ಮೇಲೆ ಸ್ಟ್ಯಾನ್‌ಫರ್ಡ್ ನಡೆಸಿದ ಅಧ್ಯಯನದಲ್ಲಿ 4,19,297 ಜನರಿದ್ದರು. ಮಿಡಿತ ತಾಳ ತಪ್ಪಿದೆ ಎಂಬ ಸೂಚನೆ ಬಂದದ್ದು ಶೇ. 0.52 ಮಂದಿಗೆ. ಅವರಲ್ಲಿ ಎದೆಗೆ ಪಟ್ಟಿ ಅಂಟಿಸಿಕೊಂಡು ಮರುಪರೀಕ್ಷೆ ಮುಗಿಸಿದ 450 ಜನರ ಪೈಕಿ ಶೇ. 34 ಮಂದಿಯಲ್ಲಿ ತಾಳ ತಪ್ಪಿದ್ದು ಮತ್ತೆ ಕಂಡಿತು. ಈ ತೊಂದರೆ ಬಂದು ಹೋಗುವಂಥದ್ದು, ಹಾಗಾಗಿ ಉಳಿದವರಿಗೆ ಸುಳ್ಳು ಸೂಚನೆ ಹೋಯಿತು ಎನ್ನುವಂತಿಲ್ಲ. ಅವರಿಗೆ ಏನೂ ಇಲ್ಲ ಎನ್ನುವಂತೆಯೂ ಇಲ್ಲ. ವಾಚು ಬಾಗಿಲು ತಟ್ಟುತ್ತದೆ. ಒಳಗೆ ಬಂದವರು ಯಾರೆಂದು ನೋಡಲು ವೈದ್ಯರೇ ಬೇಕು.

ಕೋವಿಡ್ ಕಾಲದಲ್ಲಿ ನಮ್ಮ ಬೀದಿಯ ಪ್ರತಿ ಮನೆಗೂ ಬಂದ ಆಕ್ಸಿಮೀಟರಿನದು ಇನ್ನೊಂದು ಕಥೆ. ಬೆರಳು ಸಿಕ್ಕಿಸಿ 97, 96 ಎಂದು ದಿನಕ್ಕೆ ಹತ್ತು ಸಲ ಓದಿದೆವು. ನಿಜವಾದ ಆಮ್ಲಜನಕ ಕುಸಿದಿದ್ದರೂ ಯಂತ್ರ ಸರಿಯಿದೆ ಎನ್ನುವ ಪ್ರಮಾದ ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಎಂದು 2020ರ ಡಿಸೆಂಬರ್‌ನಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಚರ್ಮದ ಬಣ್ಣವೂ ಬೆಳಕು ಹೀರುತ್ತದಲ್ಲ! ಎಣ್ಣೆಗೆಂಪಿನಿಂದ ಕಡುಗಪ್ಪಿನವರೆಗೆ ಎಲ್ಲ ಬಣ್ಣದವರೂ ಇರುವ ನಮ್ಮಲ್ಲಿ ಈ ವಿಷಯ ಇನ್ನೂ ದೊಡ್ಡ ಸುದ್ದಿಯಾಗಬೇಕಿತ್ತು.

ವಾಚು ಕೊಡುವ ನಿದ್ದೆಯ ಅಂಕ ನೋಡುವುದನ್ನಂತೂ ನಾನು ನಿಲ್ಲಿಸಿಬಿಟ್ಟೆ. ಚೆನ್ನಾಗಿ ಮಲಗಿ ಎದ್ದ ಬೆಳಿಗ್ಗೆ ನೂರಕ್ಕೆ 61 ಎಂದು ಕಂಡರೆ ಇಡೀ ದಿನ ಸುಸ್ತು. ಅಂಕದ ಚಿಂತೆಯಲ್ಲೇ ನಿದ್ದೆ ಕೆಡುವ ಈ ಸ್ಥಿತಿಗೆ 2017ರಲ್ಲಿ ಅಮೆರಿಕದ ನಿದ್ರಾತಜ್ಞರು ಆರ್ಥೊಸೋಮ್ನಿಯಾ ಎಂದು ಹೆಸರಿಟ್ಟರು. ನೀಲಿ ಬೆಳಕು ತಡೆಯುವ ಕನ್ನಡಕಕ್ಕೂ ಹಣ ಕೊಟ್ಟವನು ನಾನು. ಅದು ಕಣ್ಣಿನ ಆಯಾಸ ತಗ್ಗಿಸುವಂತೆ ಕಾಣುವುದಿಲ್ಲ ಎಂದು 17 ಪ್ರಯೋಗಗಳನ್ನು ಜರಡಿ ಹಿಡಿದ ಕಾಕ್ರೇನ್ ಸಮೀಕ್ಷೆ 2023ರಲ್ಲಿ ಹೇಳಿತು. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದನ್ನೇ ಮರೆಯುತ್ತೇವೆ, ಕಣ್ಣು ಒಣಗುತ್ತದೆ. ಎದ್ದು ಕಿಟಕಿಯಾಚೆ ನೋಡುವುದಕ್ಕೆ ಕಾಸು ಖರ್ಚಿಲ್ಲ. ಆದ್ದರಿಂದಲೇ ಅದನ್ನು ಯಾರೂ ಜಾಹೀರಾತು ಮಾಡುವುದಿಲ್ಲ.

ಇನ್ನು ತಂತ್ರಾಂಶದ ಅಪ್‌ಡೇಟ್ ವಿಷಯಕ್ಕೆ ಬಂದರೆ ನನ್ನ ಮತ ಖಚಿತ, ಆದರೆ ನಿಶ್ಚಿಂತೆಯಿಲ್ಲ. 2017ರ ಮೇ 12ರಂದು ವಾನಾಕ್ರೈ ಎಂಬ ಹುಳು ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಿಗೆ ನುಗ್ಗಿ ಅಂದಾಜು 19,000 ರೋಗಿಗಳ ಭೇಟಿಗಳು ರದ್ದಾದವು. ಅದು ನುಗ್ಗಿದ ತೂತು ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲೇ ಕೊಟ್ಟಿತ್ತು. ಆಮೇಲೆ ಮಾಡೋಣ ಎಂಬ ಗುಂಡಿಯನ್ನು ಒತ್ತಿದ್ದರ ಬೆಲೆ ಅದು. ಹಾಗಾದರೆ ಬಂದ ತಕ್ಷಣ ಹಾಕಿಕೊಳ್ಳೋಣವೇ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ತಪ್ಪು ಕಡತ ತಾನಾಗಿಯೇ ಇಳಿದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನೆಲಕ್ಕೆ ಕೆಡವಿತು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಪೆನ್ನು ಹಿಡಿದು ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಲಸಿಕೆಯಿಂದಲೇ ಜ್ವರ ಬಂದ ಹಾಗೆ. ಆದರೂ ನನ್ನ ಮನೆಯ ಯಂತ್ರಗಳಲ್ಲಿ ಅಪ್‌ಡೇಟ್ ತಡಮಾಡುವುದಿಲ್ಲ. ಒಂದು ಜ್ವರಕ್ಕೆ ಹೆದರಿ ಲಸಿಕೆ ಬಿಟ್ಟವರ ಪಾಡು ಗೊತ್ತಿರುವುದೇ.

ಮುಕ್ತ ತಂತ್ರಾಂಶದ ಭಕ್ತನಾದ ನನಗೆ ಹೆಚ್ಚು ನಾಟಿದ್ದು ಇನ್ನೊಂದು ಘಟನೆ. ಲಿನಕ್ಸ್ ಲೋಕದಲ್ಲಿ ಎಕ್ಸ್‌ಜೆಡ್ ಎಂಬುದೊಂದು ಪುಟ್ಟ ತಂತ್ರಾಂಶವಿದೆ, ಕಡತಗಳನ್ನು ಹಿಂಡಿ ಚಿಕ್ಕದು ಮಾಡುವುದಷ್ಟೇ ಅದರ ಕೆಲಸ. ಲೆಕ್ಕವಿಲ್ಲದಷ್ಟು ಸರ್ವರ್‌ಗಳಲ್ಲಿ ಅದಿದೆ. ಅದನ್ನು ಸಂಬಳವಿಲ್ಲದೆ, ಬಹುಮಟ್ಟಿಗೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. 2022ರಲ್ಲಿ ಕೆಲಸ ಯಾಕೆ ನಿಧಾನ ಎಂದು ಅಪರಿಚಿತರು ಮೇಲಿಂದ ಮೇಲೆ ಕಾಡತೊಡಗಿದಾಗ, ತಮ್ಮ ಮಾನಸಿಕ ಆರೋಗ್ಯ ಬಹುಕಾಲದಿಂದ ಸರಿಯಿಲ್ಲ, ಇದು ಬಿಡುವಿನ ವೇಳೆಯ ಕೆಲಸ ಎಂದು ಅವರು ಬಹಿರಂಗವಾಗಿಯೇ ಬರೆದರು. ಆ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬ ಸಹಾಯಕನೂ ಸಿದ್ಧನಿದ್ದ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಮನೆಯ ಬೀಗದ ಕೈ ಪಡೆದು, ಕೊನೆಗೆ ಒಂದು ಹಿಂಬಾಗಿಲು ಕೊರೆದ. ಆ ಹೆಸರಿನ ಹಿಂದಿದ್ದವರು ಒಬ್ಬರೋ ಒಂದು ತಂಡವೋ, ಪತ್ತೆಯಿಲ್ಲ. 2024ರ ಮಾರ್ಚ್ ಕೊನೆಯಲ್ಲಿ ಇದನ್ನು ಹಿಡಿದದ್ದು ಆಂದ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ, ಯಾಕೆ ಎಂದು ಕೆದಕಿದ್ದೇ ಕಾರಣ.

ಸಾವಿರ ಕಣ್ಣು ನೋಡುತ್ತವೆ, ಆದ್ದರಿಂದ ಮುಕ್ತ ತಂತ್ರಾಂಶ ಭದ್ರ ಎಂದು ನಾನು ಗೆಳೆಯರೊಂದಿಗೆ ವಾದಿಸಿದ್ದು ಎಷ್ಟು ಸಲವೋ. ನೋಡಿದ್ದು ಒಂದೇ ಜೊತೆ ಕಣ್ಣು, ಅದೂ ಬೇರೇನೋ ಹುಡುಕುವಾಗ. ಬಾಗಿಲು ತೆರೆದುಕೊಂಡದ್ದಾದರೂ ಎಲ್ಲಿ? ದಣಿದ ಒಬ್ಬ ಮನುಷ್ಯನ ನೆಮ್ಮದಿ, ಆರೋಗ್ಯ ಕುಸಿದ ಜಾಗದಲ್ಲಿ. ಭದ್ರತೆ ಬೇರೆ, ಆರೋಗ್ಯ ಬೇರೆ ಎಂದು ಎರಡು ಕಡತ ಮಾಡಿಟ್ಟಿದ್ದ ನನ್ನ ತಲೆಯಲ್ಲಿ ಅಂದು ಎರಡೂ ಕಲೆಸಿಹೋದವು.

ನಮ್ಮ ಊರುಗಳಲ್ಲಿ ಮೋಸ ಹೋಗುವವರ ಫೋನಿನಲ್ಲಿ ಹೆಚ್ಚಾಗಿ ಯಾವ ತೂತೂ ಇರುವುದಿಲ್ಲ. ಹೆದರಿಸಿ, ಅವಸರಪಡಿಸಿ, ಅವರ ಕೈಯಿಂದಲೇ ಬಾಗಿಲು ತೆರೆಸುತ್ತಾರೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ಕ್ಯಾಮೆರಾ ಮುಂದಿಂದ ಏಳಬೇಡಿ ಎನ್ನುವ ಡಿಜಿಟಲ್ ಅರೆಸ್ಟ್, ಮದುವೆ ಕರೆಯೋಲೆಯ ವೇಷದಲ್ಲಿ ವಾಟ್ಸ್‌ಆಪ್‌ಗೆ ಬರುವ ಕಳ್ಳ ಆಪ್, ಹಣ ಬರಲು ಯುಪಿಐ ಪಿನ್ ಹಾಕಿ ಎನ್ನುವ ಕರೆ. ಅಂಥದ್ದೊಂದು ಬಂಧನ ಕಾನೂನಿನಲ್ಲೇ ಇಲ್ಲ, ಹಣ ಪಡೆಯಲು ಪಿನ್ ಬೇಕಿಲ್ಲ, ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು: ಮನೆಯವರಿಗೆ ಇಷ್ಟು ಬಾಯಿಪಾಠ ಮಾಡಿಸಿದರೆ ದುಬಾರಿ ವಿಪಿಎನ್‌ಗಿಂತ ಮೇಲು. ವಿಪಿಎನ್ ಮಾರುವವರು ಇದನ್ನು ಒಪ್ಪಲಿಕ್ಕಿಲ್ಲ.

ಅಮ್ಮನಿಗೆ ಪಾಸ್‌ವರ್ಡ್ ಮ್ಯಾನೇಜರ್ ಕಲಿಸಲು ಒಂದು ಭಾನುವಾರ ಪೂರ್ತಿ ಹೆಣಗಿ ಸೋತೆ. ಅವಳ ಬಳಿ ಹಾಲಿನ ಲೆಕ್ಕದ ಹಳೆಯ ಡೈರಿಯೊಂದಿದೆ. ಎಡಗಡೆ ಪುಟದಲ್ಲಿ ಬೆಳಿಗ್ಗೆ ಸಂಜೆ ತಾನೇ ನೋಡಿಕೊಂಡ ಬಿಪಿ, ಬಲಗಡೆ ಪುಟದಲ್ಲಿ ಪಾಸ್‌ವರ್ಡುಗಳು, ಕನ್ನಡ ಅಕ್ಷರದಲ್ಲಿ. ಡೈರಿ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಅಡಿ. ಮೊದಲು ಬೈದೆ. ಆಮೇಲೆ ನೆನಪಾಯಿತು: ಭದ್ರತಾ ತಜ್ಞ ಬ್ರೂಸ್ ಶ್ನಾಯರ್ 2005ರಲ್ಲೇ ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ, ಪುಟ್ಟ ಕಾಗದಗಳನ್ನು ಕಾಪಾಡುವುದು ನಮಗೆ ಚೆನ್ನಾಗಿ ಬರುತ್ತದೆ ಎಂದಿದ್ದರು. ರಷ್ಯದಲ್ಲೋ ಇನ್ನೆಲ್ಲೋ ಕೂತ ಕಳ್ಳನಿಗೆ ನಮ್ಮ ಬೀರು ಎಟಕುವುದಿಲ್ಲ. ಆಸ್ಪತ್ರೆಯಲ್ಲಿ ಒಮ್ಮೆ ನೋಡುವ ಬಿಪಿಗಿಂತ ಮನೆಯಲ್ಲಿ ನಿರಾತಂಕವಾಗಿ ಕೂತು, ದಿನಾ ಬರೆದಿಟ್ಟ ಬಿಪಿ ಹೆಚ್ಚು ನಂಬಿಕೆಗೆ ಅರ್ಹ ಎಂಬುದನ್ನೂ ವೈದ್ಯರು ಒಪ್ಪುತ್ತಾರೆ.

ಹೋದ ತಿಂಗಳು ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ನನ್ನ ವಾಚಿನ ಗ್ರಾಫು ತೋರಿಸಲು ಫೋನ್ ತೆಗೆಯುವಷ್ಟರಲ್ಲಿ ಅವರು ಅಮ್ಮನ ಡೈರಿ ಕೈಗೆ ತೆಗೆದುಕೊಂಡು, ಬೆರಳಿಟ್ಟು ಓದುತ್ತಾ, "ರಾತ್ರಿ ಮಾತ್ರೆ ಒಂದು ಕಮ್ಮಿ ಮಾಡೋಣ" ಎಂದರು. ಪುಟ ತಿರುವಲು ಹೋದಾಗ ಅಮ್ಮ ಚಟ್ಟನೆ ಬಲಗಡೆ ಪುಟದ ಮೇಲೆ ಅಂಗೈ ಇಟ್ಟಳು.

"ಈ ಕಡೆ ನೋಡಬೇಡಿ ಡಾಕ್ಟ್ರೇ, ಇದು ಬ್ಯಾಂಕಿಂದು."